ಆಂಬುಲೆನ್ಸ್ ಬೆನ್ನು ಹತ್ತುವವರು

ಆಂಬುಲೆನ್ಸ್‌ಗೆ ದಾರಿ ಬಿಡದವರ ಮೇಲೆ ಸಿಟ್ಟು ಬರುತ್ತೆ, ನಿಜ. ಆದರೆ ಅದು ದಾಟಿದ ಕೂಡಲೇ ಅದರ ಹಿಂದೆಯೇ ನುಗ್ಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ.

ಬೆಂಗಳೂರಿನ ಡೇರಿ ಸರ್ಕಲ್‌ನಿಂದ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆಗಳ ಕಡೆಗೆ ಹೋಗುವ ರಸ್ತೆಯಲ್ಲಿ ಸೈರನ್ ಕೇಳದ ಗಳಿಗೆಯೇ ಕಮ್ಮಿ. ಆಟೋದವರು ಫುಟ್‌ಪಾತಿಗೆ ಚಕ್ರ ಹತ್ತಿಸಿ, ಬಸ್ಸಿನವರು ಇಂಚಿಂಚೇ ಸರಿದು ಜಾಗ ಮಾಡಿಕೊಡ್ತಾರೆ. ಆ ಜಾಗದಲ್ಲಿ ಮೊದಲು ಆಂಬುಲೆನ್ಸ್, ಅದರ ಬಂಪರ್‌ಗೆ ಅಂಟಿಕೊಂಡು ಒಂದು ಕಾರು, ಅದರ ಹಿಂದೆ ನಾಲ್ಕು ಬೈಕು! ಗಾಜಿನೊಳಗೆ ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದವರ ಕೈ ಕಾಣುತ್ತಿರುತ್ತೆ. ಅದನ್ನು ನೋಡಿಕೊಂಡೇ ಹಾರ್ನ್ ಹೊಡೀತಾರಲ್ಲ, ಮನಸ್ಸಾದರೂ ಹೇಗೆ ಬರುತ್ತೆ? ಆಂಬುಲೆನ್ಸ್ ದಿಢೀರನೆ ಬ್ರೇಕ್ ಹಾಕಿದರೆ ಏಟು ಬೀಳುವುದು ಒಳಗೆ ಮಲಗಿದ ರೋಗಿಗೆ. ಬಿಟ್ಟ ಜಾಗ ಅವರಿಗೆ ಕಣ್ರೀ, ನಿಮಗಲ್ಲ.

ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಇದೆ. ಬೆನ್ನು ಹತ್ತುವವರನ್ನು ಯಾರಾದರೂ ತಡೆದು ನಿಲ್ಲಿಸಿದ್ದನ್ನು ನಾನಂತೂ ನೋಡಿಲ್ಲ. ಸಿಗ್ನಲ್ಲಿಗೊಂದು ಕ್ಯಾಮೆರಾ ಇದೆಯಲ್ಲ, ಹೆಲ್ಮೆಟ್ ಇಲ್ಲದವರ ಫೋಟೋ ತೆಗೆದ ಹಾಗೆ ಇವರದ್ದೂ ತೆಗೆದು ಮನೆಗೆ ನೋಟಿಸ್ ಕಳಿಸಲಿ.