ಚೀಲದಲ್ಲಿ ಕಲ್ಲಿದೆ, ಹುಷಾರು

ಡೊಂಬಿವಲಿಯಲ್ಲಿ ಮನೆಯಿದ್ದು ದಕ್ಷಿಣ ಮುಂಬಯಿಯ ಕಾಲೇಜಿಗೆ ಹೋಗುವವರು ವಿಷಯವನ್ನು ಆಸಕ್ತಿ ನೋಡಿ ಆರಿಸುವುದಿಲ್ಲ, ರೈಲಿನ ವೇಳೆ ನೋಡಿ ಆರಿಸುತ್ತಾರೆ. ಬಿ.ಎಸ್‌ಸಿ.ಗೆ ಸೇರಿದ ದಿನ ಸೂಚನಾಫಲಕದ ಮುಂದೆ ನಿಂತು ನಾನು ಲೆಕ್ಕ ಹಾಕಿದ್ದೂ ಅದನ್ನೇ. ಗಣಿತದ ತರಗತಿ ಬೆಳಗ್ಗೆ ಏಳೂವರೆಗೆ. ಅಂದರೆ ಐದೂವರೆಯ ರೈಲು. ಅಂದರೆ ಅವ್ವ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯಬೇಕು. ಭೂವಿಜ್ಞಾನದ ತರಗತಿ ಹತ್ತೂವರೆಗೆ. ಭೂಮಿಗೆ ಸುಮಾರು 450 ಕೋಟಿ ವರ್ಷ ವಯಸ್ಸು, ಅದಕ್ಕೇನು ಅವಸರ?

ಮನೆಯಲ್ಲಿ ಸುದ್ದಿ ತಿಳಿದಾಗ ಅಪ್ಪ ಪತ್ರಿಕೆ ಮಡಿಚಿಟ್ಟು "ಮುಂದೆ?" ಎಂದು ಕೇಳಿದರು. ಅಪ್ಪಂದಿರ ಆ ಒಂದು ಪ್ರಶ್ನೆಗೆ ಯಾವ ವಿಶ್ವವಿದ್ಯಾಲಯವೂ ಇಂದಿಗೂ ಉತ್ತರ ಕೊಟ್ಟಿಲ್ಲ. ಅಜ್ಜಿ ಮಾತ್ರ ನೇರವಾಗಿ ವಿಷಯಕ್ಕೆ ಬಂದಳು. "ಕಲ್ಲು ಓದುವುದಕ್ಕೆ ಇಷ್ಟು ದೂರ ಬರಬೇಕಿತ್ತೇನು ತಂಗಿ? ವಿಜಯಪುರದಲ್ಲಿ ನಮ್ಮ ಹೊಲದ ತುಂಬ ಅದೇ ಬಿದ್ದಿತ್ತು. ಆರಿಸಿ ಆರಿಸಿ ನಿನ್ನ ಮುತ್ಯಾನ ಬೆನ್ನು ಬಾಗಿತು."

ಮೊದಲ ವರ್ಷ ಮುಗಿಯುವಷ್ಟರಲ್ಲಿ ಗೊತ್ತಾಯಿತು, ಅಜ್ಜಿಯ ಮಾತು ಪಠ್ಯಪುಸ್ತಕದಲ್ಲೇ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿ ದಖ್ಖನ್ನಿನ ಬಸಾಲ್ಟ್ ಆಯಿತು. ಸವೆದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಅದರ ಪಶ್ಚಿಮದ ಅಂಚಿನಲ್ಲಿ ಮುಂಬಯಿ. ದಕ್ಷಿಣದ ಕಡೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ. ಗೋಳಗುಮ್ಮಟವನ್ನು ಕಟ್ಟಿದ್ದೂ ಅದೇ ಕಪ್ಪು ಕಲ್ಲಿನಿಂದ. ಹೀಗಾಗಿ ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದೆವು ಎಂದು ಅಪ್ಪ ಹೇಳುವುದು ಪೂರ್ತಿ ನಿಜವಲ್ಲ. ಒಂದೇ ಬಂಡೆಯ ಆ ತುದಿಯಿಂದ ಈ ತುದಿಗೆ ಜರುಗಿ ಕುಳಿತಿದ್ದೇವೆ, ಅಷ್ಟೆ. ಇದನ್ನು ವಿವರಿಸಿದಾಗ ಅಪ್ಪ, "ಹಾಗಾದರೆ ಬಾಡಿಗೆ ಯಾಕೆ ಕೊಡುತ್ತಿದ್ದೇವೆ?" ಎಂದರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಶಿಲಾಶಾಸ್ತ್ರದ ಪ್ರಾಯೋಗಿಕ ತರಗತಿ. ಕಲ್ಲಿನ ಹೋಳನ್ನು ಗಾಜಿಗೆ ಅಂಟಿಸಿ, ಕಾರ್ಬೊರಂಡಂ ಪುಡಿಯಲ್ಲಿ ಉಜ್ಜಿ ಉಜ್ಜಿ 0.03 ಮಿಲಿಮೀಟರ್ ದಪ್ಪಕ್ಕೆ ಇಳಿಸಬೇಕು. ಆಗ ಬೆಳಕು ಕಲ್ಲನ್ನೇ ಹಾಯ್ದು ಬರುತ್ತದೆ. ಧ್ರುವೀಕರಣ ಸೂಕ್ಷ್ಮದರ್ಶಕದ ಕೆಳಗಿಟ್ಟು ಮೆಲ್ಲಗೆ ತಿರುಗಿಸಿದರೆ, ರಸ್ತೆಗೆ ಸುರಿಯುವ ಅದೇ ಜಲ್ಲಿಯ ಒಳಗೆ ಪ್ಲೇಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್ ಖನಿಜದ ಕಪ್ಪು ಬಿಳಿ ಪಟ್ಟೆಗಳು, ಅವುಗಳ ನಡುವೆ ಆಜೈಟ್ ಎಂಬ ಇನ್ನೊಂದು ಖನಿಜದ ಹಳದಿ, ನೀಲಿ, ಕೆನ್ನೇರಳೆ. ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಸೆರಗು ಬಿಡಿಸಿದಂತೆ. ಮೊದಲ ಸಲ ನೋಡಿದಾಗ ಗಂಟೆ ಹೊಡೆದದ್ದು ಕೇಳಿಸಲೇ ಇಲ್ಲ. ಕ್ಯಾಂಟೀನಿಗೆ ಹೋಗುವಷ್ಟರಲ್ಲಿ ವಡಾಪಾವ್ ಮುಗಿದಿತ್ತು. ವಿಜ್ಞಾನಕ್ಕಾಗಿ ನಾನು ಮಾಡಿದ ಅತಿ ದೊಡ್ಡ ತ್ಯಾಗ ಅದು.

0.03 ಮಿಲಿಮೀಟರ್ ಎಂಬುದು ಪುಸ್ತಕಕ್ಕೆ ಗೊತ್ತು, ಕೈಗೆ ಗೊತ್ತಿಲ್ಲ. ಮಲ್ಪೆ ಕಡೆಯ ನನ್ನ ಗೆಳತಿಯೊಬ್ಬಳು ಒಮ್ಮೆ ಬಹಳ ಭಕ್ತಿಯಿಂದ ಉಜ್ಜುತ್ತ ಕುಳಿತಳು. ಹೋಳು ತೆಳ್ಳಗಾಯಿತು, ಪಾರದರ್ಶಕವಾಯಿತು, ಇನ್ನಷ್ಟು ಪಾರದರ್ಶಕವಾಯಿತು. ಮೇಡಂ ಬಂದು ಬೆಳಕಿಗೆ ಹಿಡಿದು ನೋಡಿ, "ತುಂಬಾ ಚೆನ್ನಾಗಿದೆ. ಆದರೆ ಇದು ಗಾಜು" ಎಂದರು. ಕೋಟ್ಯಂತರ ವರ್ಷಗಳ ಮಳೆ ಗಾಳಿಗೆ ಜಗ್ಗದ ಕಲ್ಲು ಒಂದೇ ಮಧ್ಯಾಹ್ನದಲ್ಲಿ ಅಂತರ್ಧಾನವಾಗಿತ್ತು.

ಫೌಂಡೇಶನ್ ಕೋರ್ಸ್ ಎಂಬ ಕಡ್ಡಾಯ ವಿಷಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಟದ ನಂತರ ಇರುತ್ತಿತ್ತು. ಶೇಕಡ 75 ಹಾಜರಿಗಾಗಿ ಎಲ್ಲರೂ ಇರುತ್ತಿದ್ದೆವು. ಎಚ್ಚರವಾಗಿರಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಅದರಲ್ಲೂ ಕೆಲವರಿಗೆ ಎ.ಟಿ.ಕೆ.ಟಿ. ಬಂತು. ಒಂದೆರಡು ವಿಷಯಗಳಲ್ಲಿ ಉರುಳಿದವರನ್ನೂ ಮುಂದಿನ ವರ್ಷಕ್ಕೆ ಬಿಟ್ಟುಕೊಂಡು, ಸಾಲವನ್ನು ಆಮೇಲೆ ತೀರಿಸು ಎನ್ನುವ ದಯಾಮಯ ಪದ್ಧತಿ ಇದು. ಮುಂಬಯಿಯ ಬಾಡಿಗೆ ಮನೆಯವರಿಗೂ ಇದನ್ನು ವಿಸ್ತರಿಸಬೇಕೆಂಬುದು ಅಪ್ಪನ ಅಭಿಪ್ರಾಯ.

ಕಾಲೇಜಿನ ನಾಲ್ಕು ಗೋಡೆಯ ಆಚೆ ನಡೆಯುತ್ತಿದ್ದ ಪಾಠದ ರುಚಿಯೇ ಬೇರೆ. ಫೋರ್ಟ್ ಪ್ರದೇಶದಲ್ಲಿ ಪ್ರವಾಸಿಗರು ಕತ್ತೆತ್ತಿ ಗೋಪುರ ನೋಡುವಲ್ಲಿ ನಾವು ಗೋಡೆಗೆ ಮೂಗು ತಾಗಿಸಿ ನಿಲ್ಲುತ್ತಿದ್ದೆವು. ರಾಜಾಬಾಯಿ ಗೋಪುರದ್ದು ಕುರ್ಲಾ ಕಲ್ಲು. ಕಾಲಾಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ್ದು ಹಳದಿ ಮಲಾಡ್ ಕಲ್ಲು. ಎರಡೂ ಇದೇ ನೆಲದ ಜ್ವಾಲಾಮುಖಿಯ ಸಂತಾನ. ಭೂತಗನ್ನಡಿ ಹಿಡಿದ ಗುಂಪೊಂದು ಗೋಡೆ ತಡವುತ್ತಿರುವುದನ್ನು ಕಂಡು ಕಾನ್‌ಸ್ಟೆಬಲ್ ಒಬ್ಬರು ಹತ್ತಿರ ಬಂದರು.

"ಏನು ಹುಡುಕುತ್ತಿದ್ದೀರಿ?"

"ಫೆಲ್ಡ್‌ಸ್ಪಾರ್" ಎಂದರು ನಮ್ಮ ಸರ್, ಕಣ್ಣು ಗೋಡೆಯಿಂದ ತೆಗೆಯದೆ.

ಕಾನ್‌ಸ್ಟೆಬಲ್ ಜೇಬಿನಿಂದ ಪುಸ್ತಕ ತೆಗೆದರು. "ಗಂಡೋ, ಹೆಣ್ಣೋ? ವಯಸ್ಸು?"

"ಸುಮಾರು ಆರು ಕೋಟಿ" ಎಂದಳು ಮಲ್ಪೆಯವಳು. ಅವಳಿಗೆ ಉತ್ತರ ಗೊತ್ತಿರುವ ಪ್ರಶ್ನೆ ಅಪರೂಪವಾಗಿತ್ತು, ಬಿಟ್ಟುಕೊಡುವ ಮನಸ್ಸಾಗಲಿಲ್ಲ. ಮುಂದಿನ ಕಾಲು ಗಂಟೆ ಸರ್ ಗುರುತಿನ ಚೀಟಿಗಳನ್ನು ತೋರಿಸುವುದರಲ್ಲಿ ಕಳೆದರು.

ಅಲ್ಲಿಂದ ಫ್ಲೋರಾ ಫೌಂಟನ್‌ಗೆ ಹೋಗುವ ಮೊದಲು ಸರ್ ನಮ್ಮೆಲ್ಲರ ಆಮ್ಲದ ಬಾಟಲಿಗಳನ್ನು ಕಸಿದು ತಮ್ಮ ಚೀಲದಲ್ಲಿ ಇಟ್ಟುಕೊಂಡರು. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದರೆ ಸುಣ್ಣಕಲ್ಲು, ಅಂದರೆ ಅದರೊಳಗಿನ ಕ್ಯಾಲ್ಸೈಟ್ ಖನಿಜ, ಬುಸುಗುಟ್ಟುತ್ತದೆ. ಕಲ್ಲಿನ ಜಾತಿ ಹಿಡಿಯುವ ಅತಿ ಸುಲಭದ ಉಪಾಯ ಇದು. 1864ರ ಆ ಕಾರಂಜಿಯನ್ನು ಕಡೆದದ್ದು ಇಂಗ್ಲೆಂಡಿನಿಂದ ತರಿಸಿದ ಪೋರ್ಟ್‌ಲ್ಯಾಂಡ್ ಸುಣ್ಣಕಲ್ಲಿನಲ್ಲಿ. ನಮ್ಮ ವಿದ್ಯಾರ್ಥಿ ಕುತೂಹಲದ ಮೇಲೆ ಸರ್‌ಗೆ ಸಂಪೂರ್ಣ ನಂಬಿಕೆಯಿತ್ತು.

ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಹೋದಾಗ ಕಲ್ಲಿನ ವಿಷಯ ಕನ್ನಡ ಕುಲದ ಜಗಳವಾಯಿತು. ಕಟ್ಟಡಗಳ ನಡುವೆ ಸುಮಾರು 61 ಮೀಟರ್ ಎದ್ದು ನಿಂತ ಬಸಾಲ್ಟ್ ಕಂಬಗಳ ಬಂಡೆ ಅದು. ನೆತ್ತಿಯ ಮೇಲೆ ಗಾಂವದೇವಿಯ ಗುಡಿ. ಲಾವಾ ತಣಿಯುವಾಗ ಕುಗ್ಗಿ ಬಿರುಕು ಬಿಟ್ಟರೆ ಹೀಗೆ ಕಂಬಗಳಾಗುತ್ತವೆ ಎಂದು ಸರ್ ವಿವರಿಸುತ್ತಿದ್ದರು. ಗೆಳತಿ ನನ್ನ ಕಿವಿಯಲ್ಲಿ, "ಇಷ್ಟೇಯಾ? ನಮ್ಮ ಸೇಂಟ್ ಮೇರೀಸ್ ದ್ವೀಪದಲ್ಲಿ ಇಂಥ ಕಂಬಗಳು ಸಮುದ್ರದೊಳಗೇ ಇಳಿದಿವೆ. ಅವಕ್ಕೆ ಸುಮಾರು 8.8 ಕೋಟಿ ವರ್ಷ. ನಿಮಗಿಂತ ಎರಡು ಕೋಟಿ ವರ್ಷ ದೊಡ್ಡವರು ನಾವು" ಎಂದಳು. ನಾನು ಗೋಳಗುಮ್ಮಟ ಎಂದೆ. ಅದನ್ನು ಮನುಷ್ಯರು ಕಟ್ಟಿದ್ದು, ಲೆಕ್ಕಕ್ಕಿಲ್ಲ ಎಂದಳು. ಆ ದಿನದಿಂದ ಲೋಕಲಿನಲ್ಲಿ ಒಂದೇ ಸೀಟು ಖಾಲಿಯಾದರೆ, "ಹಿರಿಯರಿಗೆ ಜಾಗ ಬಿಡು" ಎಂದು ತಾನೇ ಕೂರುತ್ತಾಳೆ.

ಇನ್ನು ಮನೆಯ ಕಥೆ. ಖಂಡಾಲಾ ಘಟ್ಟದ ಆಚೆಯ ಕಲ್ಲುಗಣಿಯೊಂದಕ್ಕೆ ಕ್ಷೇತ್ರಕಾರ್ಯಕ್ಕೆ ಹೋದವಳು ಮೂರು ಒಳ್ಳೆಯ ಮಾದರಿಗಳನ್ನು ಹೊತ್ತು ತಂದೆ. ಲಾವಾದಲ್ಲಿ ಸಿಕ್ಕಿಬಿದ್ದ ಅನಿಲ ಗುಳ್ಳೆಗಳಾಗುತ್ತದೆ. ಒಂದು ಕಲ್ಲಿನಲ್ಲಿ ಆ ಗುಳ್ಳೆಗಳು ಖಾಲಿ ತೂತುಗಳಾಗಿ ಉಳಿದಿದ್ದವು. ಇನ್ನೊಂದರಲ್ಲಿ ಆಮೇಲೆ ಇಂಗಿದ ನೀರು ತೂತಿನೊಳಗೆ ಬೆಳ್ಳನೆಯ ಜಿಯೊಲೈಟ್ ಹರಳುಗಳನ್ನು ಬೆಳೆಸಿತ್ತು. ಮೂರನೆಯದು ತೂತಿಲ್ಲದ ಗಟ್ಟಿ ಕಲ್ಲು. ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಕೂರಲು ಸಾಧ್ಯವಿಲ್ಲ. ಮರುದಿನ ನೋಡುವಷ್ಟರಲ್ಲಿ ಗಟ್ಟಿ ಕಲ್ಲು ಅವ್ವನ ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ ಏರಿತ್ತು. ತೂತಿನ ಕಲ್ಲು ಅಜ್ಜಿಯ ಹಿಮ್ಮಡಿ ಉಜ್ಜಲು ಬಚ್ಚಲಿಗೆ ಇಳಿದಿತ್ತು. ಹರಳಿನ ಕಲ್ಲು ದೇವರ ಜಗುಲಿಯಲ್ಲಿತ್ತು. "ಒಳಗಿನಿಂದ ಬೆಳಕು ಬರುತ್ತದೆ ನೋಡು" ಎಂದಳು ಅಜ್ಜಿ. ಶಿಲಾಶಾಸ್ತ್ರದ ದೃಷ್ಟಿಯಿಂದ ತಕರಾರು ತೆಗೆಯುವ ಮಾತಲ್ಲ.

ವೈವಾ ಪರೀಕ್ಷೆ ಸೋಮವಾರ ಬಂತು. ಬೆಳಗ್ಗೆ ಅವಸರದಲ್ಲಿ ಭರಣಿಯಿಂದ ಒಂದು, ಬಚ್ಚಲಿನಿಂದ ಒಂದು ಕಿತ್ತುಕೊಂಡೆ. ಮೂರನೆಯದನ್ನು ಅಜ್ಜಿಯೇ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಿಂದ ಕೊಟ್ಟಳು. ಮಹಿಳಾ ಬೋಗಿಯಲ್ಲಿ ಚೀಲವನ್ನು ಮೇಲಿನ ಕಂಬಿಗಳ ಮೇಲಿಡಲೆಂದು ಮುಂದಕ್ಕೆ ದಾಟಿಸಿದೆ. ಕೈಯಿಂದ ಕೈಗೆ ಹೋದ ಚೀಲ ಮೂರನೆಯ ಕೈಯಲ್ಲಿ ಕುಸಿಯಿತು.

"ಏನಿದೆ ಇದರಲ್ಲಿ?"

"ಕಲ್ಲು."

ಒಂದು ಕ್ಷಣ ಇಡೀ ಬೋಗಿ ನನ್ನತ್ತ ತಿರುಗಿತು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಮೆಲ್ಲಗೆ, "ಯಾರ ಮೇಲಾದರೂ ಎಸೆಯುವುದಿದ್ದರೆ ದಾದರ್ ತನಕ ತಾಳು. ನನ್ನ ಮೇಲಧಿಕಾರಿ ಅಲ್ಲಿ ಹತ್ತುತ್ತಾಳೆ" ಎಂದಳು. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂರಲು ಎಂದೂ ಜರುಗದವರು ಅಂದು ಧಾರಾಳವಾಗಿ ಜರುಗಿದರು.

ಪರೀಕ್ಷಕರು ಬೇರೆ ಕಾಲೇಜಿನಿಂದ ಬಂದವರು, ನಗು ಎಂಬುದನ್ನು ಪಠ್ಯಕ್ರಮದಿಂದ ತೆಗೆದುಹಾಕಿದ್ದವರು. ಬಟ್ಟೆ ಬಿಡಿಸಿ ಹರಳಿನ ಕಲ್ಲನ್ನು ಎತ್ತಿಕೊಂಡರು. ಹರಳುಗಳನ್ನು ಮೆಚ್ಚಿದರು. ಕಲ್ಲನ್ನು ತಿರುಗಿಸಿದರು. ಕಪ್ಪು ಬಸಾಲ್ಟಿನ ಮೇಲೆ, ಒಂದರ ಕೆಳಗೊಂದು, ಮೂರು ಬಿಳಿ ಪಟ್ಟೆಗಳು.

"ಸಮಾನಾಂತರ ಶಿರೆಗಳು" ಎಂದರು ಆಸಕ್ತಿಯಿಂದ. "ಕ್ಯಾಲ್ಸೈಟ್ ಇರಬೇಕು." ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಪಟ್ಟೆಯ ಮೇಲೆ ಆಮ್ಲದ ಹನಿ ಬಿದ್ದಿತ್ತು. ಅಜ್ಜಿಯ ವಿಭೂತಿ ಗಟ್ಟಿಯಲ್ಲಿ ಸುಣ್ಣದ ಅಂಶ ಇದ್ದಿರಬೇಕು. ಬುಸ್ ಎಂದು ನೊರೆ ಎದ್ದಿತು. ಪರೀಕ್ಷಕರು ಗೆಲುವಿನಿಂದ ನಮ್ಮ ಮೇಡಂ ಕಡೆ ನೋಡಿದರು. ಮೇಡಂ ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಹಳ ಹೊತ್ತು ಫ್ಯಾನ್ ನೋಡಿದರು. ಪರೀಕ್ಷಕರು ಮೇಲಿನ ಶಿರೆಯನ್ನು ಬೆರಳಿನಿಂದ ಸವರಿದರು. ಶಿರೆ ಬೆರಳಿಗೆ ಬಂತು.

"ಇದು ಯಾವ ಕಾಲದ್ದು?"

"ಇವತ್ತಿನದು, ಸರ್. ಬೆಳಗ್ಗೆ ಆರು ಗಂಟೆಯದು."

ಅವರು ಬೆರಳು ಒರೆಸಲು ಬಟ್ಟೆಗಾಗಿ ಸುತ್ತ ನೋಡಿದರು. ಕಲ್ಲು ಸುತ್ತಿದ್ದ ಮಡಿ ಬಟ್ಟೆಗೆ ಒರೆಸಲು ಧೈರ್ಯ ಸಾಲಲಿಲ್ಲವೆಂದು ತೋರುತ್ತದೆ. ಕೊನೆಗೆ ಹಣೆಗೆ ಹಚ್ಚಿಕೊಂಡು, "ಮುಂದಿನ ಮಾದರಿ" ಎಂದರು. ಮುಂದಿನ ಮಾದರಿಯಿಂದ ಶ್ರೀಗಂಧದ ಸಾಬೂನಿನ ಪರಿಮಳ ಬರುತ್ತಿತ್ತು. ಎತ್ತಿ ಮೂಸಿ, ಏನೂ ಕೇಳದೆ ಕೆಳಗಿಟ್ಟರು. ಉಪ್ಪಿನಕಾಯಿಯ ಕಲ್ಲನ್ನು ಮುಟ್ಟಲೇ ಇಲ್ಲ.

ಅಂಕಗಳು ಚೆನ್ನಾಗಿಯೇ ಬಂದವು. ಹರಳಿನ ಮಾದರಿ ಉತ್ತಮವಾಗಿದೆ ಎಂದು ವಿಭಾಗದವರು ಅದನ್ನು ಇಟ್ಟುಕೊಂಡು, ಸಂಖ್ಯೆ ಅಂಟಿಸಿ ಗಾಜಿನ ಕಪಾಟಿನಲ್ಲಿ ಸೇರಿಸಿದರು. ಮನೆಯಲ್ಲಿ ಅಜ್ಜಿ ಅಂಕ ಕೇಳಲಿಲ್ಲ. "ದೇವರೆಲ್ಲಿ?" ಎಂದಳು. ದೀಪಾವಳಿಯಿಂದ ಪೂಜೆ ಮಾಡಿಸಿಕೊಂಡ ಕಲ್ಲನ್ನು ಹೇಳದೆ ಕೇಳದೆ ಇಟ್ಟುಕೊಳ್ಳುವುದು ಯಾವ ನ್ಯಾಯ ಎಂದು ಅರ್ಜಿ ಬರೆಸಿದಳು. ನಾನು ಇಂಗ್ಲಿಷಿನಲ್ಲಿ ಬರೆದೆ, ಅವಳು ಕನ್ನಡದಲ್ಲಿ ಸಹಿ ಹಾಕಿದಳು. ಜೊತೆಗೆ ಒಂದು ಗಟ್ಟಿ ವಿಭೂತಿಯನ್ನೂ ಲಗತ್ತಿಸಿದಳು.

ಅರ್ಜಿ ಹಿಂದಿರುಗಿ ಬಂದಿದೆ. ಅಂಚಿನಲ್ಲಿ ವಿಭಾಗದ ಮುಖ್ಯಸ್ಥರು ತಮ್ಮ ಕೈಯಾರೆ ಬರೆದಿದ್ದಾರೆ: ಮಾದರಿಯನ್ನು ಮರಳಿಸಲು ಬರುವುದಿಲ್ಲ, ಕೆಲಸದ ದಿನಗಳಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ದರ್ಶನಕ್ಕೆ ಅವಕಾಶವಿದೆ.

ಓದಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಅಭಿಷೇಕಕ್ಕೆ ಕಪಾಟಿನ ಬಾಗಿಲು ತೆಗೆಯುತ್ತಾರೋ ಇಲ್ಲವೋ, ನಾಳೆ ಕೇಳಿಕೊಂಡು ಬಾ" ಎಂದಳು.