ಕಾಮತರ ಎಚ್ಚರಿಕೆಯನ್ನೂ ನೆನೆಯಬೇಕಿತ್ತು
ಮಂಗಳೂರಿನಲ್ಲಿ ಹುಟ್ಟಿ, 1938ರಲ್ಲಿ ಬ್ರಿಟಿಷ್ ಆಡಳಿತದ ಉನ್ನತ ನಾಗರಿಕ ಸೇವೆಯಾದ ಐಸಿಎಸ್ ಹುದ್ದೆ ತೊರೆದು, ಸುಭಾಷ್‌ಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್ ಪಕ್ಷ ಸೇರಿದ, ಮುಂದೆ ಸಂವಿಧಾನ ಸಭೆಯ ಸದಸ್ಯರಾದ ಹರಿ ವಿಷ್ಣು ಕಾಮತರ ಕುರಿತ ಈ ಲೇಖನಕ್ಕೆ ಕೃತಜ್ಞತೆಗಳು. ಆದರೆ ಸಂವಿಧಾನದ ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂಬ ಅವರ ತಿದ್ದುಪಡಿ 41 ಮತಗಳ ಎದುರು 68 ಮತಗಳಿಂದ ಬಿದ್ದುಹೋದ ಪ್ರಸಂಗಕ್ಕೇ ಲೇಖಕರು ಹೆಚ್ಚು ಜಾಗ ಕೊಟ್ಟಿರುವುದು ನನಗೆ ಸರಿಯೆನಿಸಲಿಲ್ಲ. 1949ರ ಆಗಸ್ಟ್‌ನಲ್ಲಿ, ತುರ್ತುಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯದ ಮೊರೆ ಹೋಗುವ ದಾರಿಯನ್ನೇ ಮುಚ್ಚಬಹುದಾದ ವಿಧಿಗೆ ಸಂವಿಧಾನ ಸಭೆ ಒಪ್ಪಿಗೆ ಕೊಟ್ಟಾಗ, ಇದು ದುಃಖದ, ನಾಚಿಕೆಯ ದಿನವೆಂದು ಎದ್ದು ನಿಂತು ಹೇಳಿದವರು ಇದೇ ಕಾಮತರು. ಅವರ ಸಂಸದೀಯ ಜೀವನದ ತಿರುಳು ಅಲ್ಲಿದೆ. 1975ರಲ್ಲಿ ತುರ್ತುಪರಿಸ್ಥಿತಿ ಹೇರಿದಾಗ ಆ ಭಯ ನಿಜವಾಯಿತು. 1977ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಮತದಾರರು ಅವರನ್ನು ಮತ್ತೆ ಲೋಕಸಭೆಗೆ ಕಳುಹಿಸಿದರು.