ಅಧಮರ ನಗೆ

ಟಿವಿ ಸರಣಿಯೊಂದರ ನಲವತ್ತು ನಿಮಿಷದ ಸಂಚಿಕೆಯಲ್ಲಿ ಮೂವತ್ತೆಂಟು ನಿಮಿಷ ಜನ ಮಾತನಾಡುತ್ತಾರೆ, ಕಾರು ಓಡಿಸುತ್ತಾರೆ, ಜಗಳವಾಡುತ್ತಾರೆ. ಉಳಿದ ಎರಡು ನಿಮಿಷ ಮಾತ್ರ ನಾಲ್ಕು ಜನರ ನಡುವೆ ಕೂತು ನೋಡುವಂಥದ್ದಲ್ಲ. ಮನೆಯ ಹಿರಿಯರು ಕೋಣೆಗೆ ಕಾಲಿಡುವುದು ಸರಿಯಾಗಿ ಆ ಎರಡು ನಿಮಿಷದಲ್ಲಿ. ಅಪ್ಪ ಮೊಬೈಲ್ ಚಾರ್ಜರ್ ಹುಡುಕಿಕೊಂಡು ಬರುತ್ತಾರೆ. ಆಗ ಪರದೆಯ ಮೇಲೆ ಒಬ್ಬ ಧಡೂತಿ ಮನುಷ್ಯ ಬಿಳಿ ಚಡ್ಡಿಯೊಂದನ್ನೇ ಹಾಕಿಕೊಂಡು ಯಾರದೋ ಮನೆಯಲ್ಲಿ ಸೊಂಟ ಕುಣಿಸುತ್ತಿರುತ್ತಾನೆ. ಅಪ್ಪ ಪರದೆಯತ್ತ ನೋಡುವುದಿಲ್ಲ. ತಾವು ನೋಡಲಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಾಗುವ ಹಾಗೆ ನೋಡುವುದಿಲ್ಲ. ಚಾರ್ಜರ್ ಸಿಗದಿದ್ದರೂ ಹೊರಟುಹೋಗುತ್ತಾರೆ. ನಾನು ರಿಮೋಟ್ ಹಿಡಿದು, ಒತ್ತಬೇಕಾದ ಬಟನ್ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಒತ್ತುತ್ತಾ ಕೂತಿರುತ್ತೇನೆ. ಪರಿಣಾಮವಾಗಿ ದನಿ ಇನ್ನಷ್ಟು ಜೋರಾಗಿರುತ್ತದೆ.

ಆ ಚಡ್ಡಿಯ ಮನುಷ್ಯನ ಹೆಸರು ಕ್ರಿಸ್ಟೋಫರ್ ಸ್ಮಿತ್. ಅಂಕಿತನಾಮ ಪೀಸ್‌ಮೇಕರ್, ಎಂದರೆ ಶಾಂತಿದೂತ; ಸರಣಿಯ ಹೆಸರೂ ಅದೇ. ಶಾಂತಿಯ ಮೇಲೆ ಅವನಿಗೆ ಎಷ್ಟು ಪ್ರೀತಿಯೆಂದರೆ, ಅದಕ್ಕಾಗಿ ಎಷ್ಟು ಜನರನ್ನು ಕೊಲ್ಲಬೇಕಾದರೂ ಹಿಂದೆಮುಂದೆ ನೋಡುವವನಲ್ಲ. ತಲೆಯ ಮೇಲೆ ಫಳಫಳ ಹೊಳೆಯುವ ಹೆಲ್ಮೆಟ್. ಅಡುಗೆಮನೆಯ ಪಾತ್ರೆಯನ್ನು ಮಗುಚಿ ಹಾಕಿಕೊಂಡಂತೆ ಕಾಣುತ್ತದೆ. 2022ರ ಜನವರಿಯಲ್ಲಿ ಅಮೆರಿಕದ ಸ್ಟ್ರೀಮಿಂಗ್ ವೇದಿಕೆ ಎಚ್‌ಬಿಒ ಮ್ಯಾಕ್ಸ್‌ನಲ್ಲಿ ಶುರುವಾದ ಈ ಸರಣಿಯ ಮೊದಲ ಸೀಸನ್ನಿನ ಎಂಟೂ ಸಂಚಿಕೆಗಳನ್ನು ಬರೆದವನು ಜೇಮ್ಸ್ ಗನ್. ನಾಯಕನಾಗಿ ನಟಿಸಿದವನು ಕುಸ್ತಿಯ ಕಣದಿಂದ ನಟನೆಗೆ ಬಂದ ಜಾನ್ ಸೀನಾ. ಕತೆ ಕೇಳಬೇಡಿ. ಮನುಷ್ಯರ ತಲೆಯೊಳಗೆ ಹೊಕ್ಕು ಕೂರುವ, ಚಿಟ್ಟೆಯಂತಹ ಅನ್ಯಗ್ರಹದ ಜೀವಿಗಳಿವೆ, ಅವನ್ನು ಮುಗಿಸಲು ಸರ್ಕಾರದ ಗುಪ್ತ ತಂಡವೊಂದು ಇವನನ್ನು ಜೈಲಿನ ಬದಲು ಕೆಲಸಕ್ಕೆ ಹಚ್ಚುತ್ತದೆ. ಅಷ್ಟೇ. ಬೇರೆಯವರ ಮೈಯೊಳಗೆ ಬೇರೆ ಲೋಕದವರು ಸೇರಿಕೊಳ್ಳುವ ಕತೆ ಎಷ್ಟು ಹಳೆಯದೆಂದರೆ, ಅದನ್ನು ಹೇಳುವಾಗ ಬರೆದವನಿಗೇ ಆಕಳಿಕೆ ಬಂದಿರಬೇಕು.

‘ಈಗ ಏನು ನೋಡುತ್ತಿದ್ದೀರಿ?’ ಎಂದು ಯಾರಾದರೂ ಕೇಳಿದರೆ ನಾನು ಇದರ ಹೆಸರು ಹೇಳಿದವನಲ್ಲ. ಯುದ್ಧದ ಬಗ್ಗೆ ಹತ್ತು ಭಾಗದ ಸಾಕ್ಷ್ಯಚಿತ್ರವೊಂದರ ಹೆಸರನ್ನು ಹೇಳುತ್ತೇನೆ. ಅದರ ಮೊದಲ ಭಾಗವನ್ನು ಮೂರು ಸಲ ಶುರು ಮಾಡಿದ್ದೇನೆ, ಹಾಗಾಗಿ ಅದು ಪೂರ್ತಿ ಸುಳ್ಳಲ್ಲ. ಮರ್ಯಾದಸ್ಥರು ನೋಡುವ ಸರಣಿಗಳಿಗೆ ಒಂದು ಲಕ್ಷಣವಿದೆ: ಎಲ್ಲರೂ ಕತ್ತಲೆಯಲ್ಲಿ ಕೂತಿರುತ್ತಾರೆ, ಪಿಸುದನಿಯಲ್ಲಿ ಮಾತನಾಡುತ್ತಾರೆ, ಒಬ್ಬರಿಗೂ ನಗು ಬರುವುದಿಲ್ಲ. ಅಂಥದ್ದನ್ನು ನೋಡಿ ಮುಗಿಸಿದಾಗ ಒಂದು ಪರೀಕ್ಷೆ ಪಾಸು ಮಾಡಿದ ಸಮಾಧಾನ ಸಿಗುತ್ತದೆ, ನಿಜ. ಆದರೆ ಪರೀಕ್ಷೆಯನ್ನು ಎರಡನೇ ಸಲ ಯಾರೂ ಆಸೆಪಟ್ಟು ಬರೆಯುವುದಿಲ್ಲ. ಪೀಸ್‌ಮೇಕರನನ್ನು ನಾನು ಮೂರು ಸಲ ನೋಡಿದ್ದೇನೆ.

ಹೀಗೆ ಕದ್ದು ನಗುವವನಿಗೆ ಒಂದು ಶಾಸ್ತ್ರಾಧಾರ ಬೇಕಲ್ಲವೇ? ಹುಡುಕಿದೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಸಿಕ್ಕಿತು. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ ಎನ್ನುತ್ತಾನೆ ಮುನಿ. ಮೊದಲ ಓದಿಗೆ ಇದು ವಿಚಿತ್ರವೆನಿಸುತ್ತದೆ. ಚಡ್ಡಿಯ ನೃತ್ಯವನ್ನು ನೋಡಿದವರಿಗೆ ಹಾಗನಿಸುವುದಿಲ್ಲ. ಪ್ರಣಯ ಒಂದು ಹೆಜ್ಜೆ ತಪ್ಪಿದರೆ ಸಾಕು, ಅದು ನಗೆಪಾಟಲು. ನಗೆ ಯಾವ ಯಾವ ಕಾರಣದಿಂದ ಬರುತ್ತದೆಂದು ಭರತ ಪಟ್ಟಿಯನ್ನೂ ಕೊಟ್ಟಿದ್ದಾನೆ: ವಿಕೃತವಾದ ವೇಷ, ವಿಕೃತವಾದ ಅಲಂಕಾರ, ಧಾರ್ಷ್ಟ್ಯ, ಅಂದರೆ ನಾಚಿಕೆಗೆಟ್ಟ ಉದ್ಧಟತನ, ಅಸತ್ಪ್ರಲಾಪ, ಅಂದರೆ ತಲೆಬುಡವಿಲ್ಲದ ಹರಟೆ, ಹೀಗೆ. ಜೇಮ್ಸ್ ಗನ್ ನಾಟ್ಯಶಾಸ್ತ್ರ ಓದಿರಲಾರ. ಆದರೆ ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಗುರುತು ಹಾಕುತ್ತಾ ಚಿತ್ರಕತೆ ಬರೆದಂತಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಮುಂದಕ್ಕೂ ಓದಿದೆ. ನಗೆಯಲ್ಲಿ ಆರು ಬಗೆಯಂತೆ. ಸ್ಮಿತ, ಹಸಿತ ಉತ್ತಮರಿಗೆ. ಕೆನ್ನೆ ತುಸು ಅರಳಬೇಕು, ಸ್ಮಿತದಲ್ಲಂತೂ ಹಲ್ಲು ಕಾಣಿಸಲೇಕೂಡದು. ವಿಹಸಿತ, ಉಪಹಸಿತ ಮಧ್ಯಮರಿಗೆ. ಕೊನೆಯ ಎರಡು, ಅಪಹಸಿತ ಮತ್ತು ಅತಿಹಸಿತ, ಅಧಮರಿಗೆ. ಅಪಹಸಿತವೆಂದರೆ ನಗಬಾರದ ಜಾಗದಲ್ಲಿ ನಗುವುದು, ಕಣ್ಣಲ್ಲಿ ನೀರು, ಹೆಗಲು ತಲೆ ಎರಡೂ ಅಲ್ಲಾಡುವುದು. ಅತಿಹಸಿತದಲ್ಲಿ ದನಿ ಕಿರುಚಿಕೊಳ್ಳುತ್ತದೆ, ಕೈಗಳು ಪಕ್ಕೆಗಳನ್ನು ಒತ್ತಿ ಹಿಡಿಯುತ್ತವೆ. ಓದುತ್ತಾ ಓದುತ್ತಾ ನನ್ನ ಭಾವಚಿತ್ರವನ್ನೇ ನೋಡಿದಂತಾಯಿತು. ಕಳೆದ ತಿಂಗಳು ಕಚೇರಿಯ ಸಭೆಯೊಂದರಲ್ಲಿ ಮೇಲಧಿಕಾರಿಯೊಬ್ಬರು ಗಂಭೀರವಾಗಿ ‘ತಂಡದ ಬಲ’ ಎಂದು ಏನೋ ಹೇಳುತ್ತಿದ್ದಾಗ, ಹಿಂದಿನ ರಾತ್ರಿ ನೋಡಿದ ದೃಶ್ಯವೊಂದು ನೆನಪಾಗಿ ನನ್ನ ಹೆಗಲು ಅಲ್ಲಾಡತೊಡಗಿತು. ಕೆಮ್ಮಿದೆ. ಪಕ್ಕದವರು ನೀರು ಕೊಟ್ಟರು. ನೀರು ಕುಡಿಯುವಾಗ ಇನ್ನೊಮ್ಮೆ ನೆನಪಾಯಿತು. ಆಮೇಲಿನದನ್ನು ಬರೆಯುವುದಿಲ್ಲ.

ಸರಣಿಯ ದೋಷಗಳನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಒಂದು ಹಾಸ್ಯ ಸಿಕ್ಕಿತೆಂದರೆ ಅದನ್ನು ಕಬ್ಬಿನಂತೆ ಗಾಣಕ್ಕೆ ಕೊಟ್ಟು, ರಸ ಬಂದ ಮೇಲೆ ಸಿಪ್ಪೆಯನ್ನೂ ಮೂರು ಸಲ ಕೊಡುತ್ತಾರೆ. ಶತ್ರು ಬಾಗಿಲ ಹೊರಗೆ ನಿಂತಿರುವಾಗ ಐದು ಜನ ವ್ಯಾನಿನೊಳಗೆ ಕೂತು ಯಾರೋ ಬಳಸಿದ ಒಂದು ಶಬ್ದದ ಅರ್ಥದ ಬಗ್ಗೆ ವಾದಿಸುತ್ತಾರೆ. ನಡುವಿನ ಸಂಚಿಕೆಗಳಲ್ಲಿ ಕತೆ ಕಾಲು ಚಾಚಿ ಮಲಗಿಬಿಡುತ್ತದೆ. ಪೋಲಿ ಮಾತುಗಳಲ್ಲಿ ಅರ್ಧ ನಗಿಸುತ್ತವೆ, ಇನ್ನರ್ಧ ಹದಿನಾಲ್ಕು ವರ್ಷದ ಹುಡುಗರು ಶಾಲೆಯ ಗೋಡೆಯ ಮೇಲೆ ಬರೆಯುವ ಮಟ್ಟದವು. ಇನ್ನು ಹೊಡೆದಾಟದ ವಿಚಾರ. ಬಂದೂಕಿನ ಒಂದು ಗುಂಡಿನ ಸದ್ದು 140 ಡೆಸಿಬಲ್ ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ನೂರಾರು ಗುಂಡು ಹಾರಿಸಿದವರಿಗೆ ಆಮೇಲೆ ಬಹಳ ಹೊತ್ತು ಕಿವಿ ಗುಂಯ್ ಎನ್ನಬೇಕು. ಇಲ್ಲಿ ಮಾತ್ರ ಕೊನೆಯ ಗುಂಡು ಹಾರಿದ ಮರುಕ್ಷಣವೇ ಮೂಲೆಯಲ್ಲಿದ್ದವನು ಪಿಸುಗುಟ್ಟಿದ ಬೈಗುಳ ಇನ್ನೊಂದು ಮೂಲೆಯಲ್ಲಿದ್ದವನಿಗೆ ಸ್ಪಷ್ಟವಾಗಿ ಕೇಳಿಸಿ, ಅವನು ಮುನಿಸಿಕೊಳ್ಳುತ್ತಾನೆ. ಮೂಳೆ ಮುರಿಯುವ ಸದ್ದಿಗೆ ಸ್ಟುಡಿಯೋದಲ್ಲಿ ಸೆಲರಿ ದಂಟನ್ನು ಮುರಿಯುವ ಪದ್ಧತಿಯಿದೆಯೆಂದು ತಿಳಿದಾಗಿನಿಂದ ನನಗೆ ಹೊಡೆದಾಟಗಳೆಲ್ಲ ತರಕಾರಿ ಹೆಚ್ಚಿದಂತೆ ಕೇಳಿಸುತ್ತವೆ. ಅದರಿಂದ ಸುಖವೇನೂ ಕಡಿಮೆಯಾಗಿಲ್ಲ.

ಚಡ್ಡಿಯ ದೃಶ್ಯಕ್ಕೆ ಹಿಂದಿರುಗುತ್ತೇನೆ. ಅದರ ಮುಂದಿನ ಭಾಗ ಹೇಳಲೇಬೇಕು. ರಾತ್ರಿ ಪರಿಚಯವಾದ ಹೆಂಗಸಿನ ಮನೆಯಲ್ಲಿ ಅವನು ಹಳೆಯ ರಾಕ್ ಸಂಗೀತದ ತಟ್ಟೆ ಹಾಕಿಕೊಂಡು ಕಣ್ಣು ಮುಚ್ಚಿ ಕುಣಿಯುತ್ತಿದ್ದಾನೆ. ಅವಳು ಮನುಷ್ಯಳಲ್ಲ, ಚಿಟ್ಟೆ ಹೊಕ್ಕವಳು. ಇದ್ದಕ್ಕಿದ್ದಂತೆ ಎರಗಿ ಆ ಬೆಟ್ಟದಂತಹ ದೇಹವನ್ನು ಗೊಂಬೆಯಂತೆ ಎತ್ತಿ ಎತ್ತಿ ಒಗೆಯುತ್ತಾಳೆ. ಪರಾಕ್ರಮಿಯೊಬ್ಬ ಬಟ್ಟೆ ಹಾಕಿಕೊಳ್ಳಲು ಸಮಯ ಸಿಗದೆ ಪ್ರಾಣ ಉಳಿಸಿಕೊಳ್ಳುವುದನ್ನು ನಾನು ಇಷ್ಟು ಹತ್ತಿರದಿಂದ ಬೇರೆಲ್ಲೂ ನೋಡಿರಲಿಲ್ಲ. ಬೇರೆ ಸಾಹಸಚಿತ್ರಗಳಲ್ಲಿ ವೀರನ ತಲೆಕೂದಲೂ ಕದಲುವುದಿಲ್ಲ. ಇವನು ಹೊಡೆತ ತಿಂದಾಗ ‘ಅಯ್ಯೋ’ ಎನ್ನುತ್ತಾನೆ, ನೋವಾಗುತ್ತದೆ, ಚಡ್ಡಿ ಸರಿಮಾಡಿಕೊಳ್ಳಬೇಕೋ ತಲೆ ಉಳಿಸಿಕೊಳ್ಳಬೇಕೋ ತಿಳಿಯದಂತಹ ಸ್ಥಿತಿ. ಬಡಾಯಿಯಲ್ಲಿ ಉತ್ತರಕುಮಾರನ ವಂಶದವನು. ವ್ಯತ್ಯಾಸ ಇಷ್ಟೇ, ಉತ್ತರಕುಮಾರನಿಗೆ ರಥ ನಡೆಸಲು ಬೃಹನ್ನಳೆ ಸಿಕ್ಕಿದ್ದಳು. ಇವನಿಗೆ ಸಿಕ್ಕಿದ್ದು ಒಂದು ಹದ್ದು.

ಆ ಹದ್ದಿನ ಬಗ್ಗೆ ಹೇಳಬೇಕು, ಏಕೆಂದರೆ ನನ್ನನ್ನು ಕೆಡವಿದ್ದು ಅದೇ. ಬಿಳಿ ತಲೆಯ ಬಾಲ್ಡ್ ಈಗಲ್ ಅದು. ಅಮೆರಿಕದವರು 1782ರಿಂದ ಅದನ್ನು ತಮ್ಮ ರಾಷ್ಟ್ರಮುದ್ರೆಯ ಮೇಲೆ ಕೂರಿಸಿದ್ದಾರೆ, ಆದರೆ ಕಾನೂನಿನ ಪ್ರಕಾರ ರಾಷ್ಟ್ರಪಕ್ಷಿ ಎಂದು ಹೆಸರಿಸಲು ಅವರಿಗೆ 2024ರ ಡಿಸೆಂಬರ್‌ವರೆಗೆ ಪುರುಸೊತ್ತಾಗಲಿಲ್ಲ. ಸಿನಿಮಾಗಳಲ್ಲಿ ಅದು ಆಕಾಶ ಸೀಳುವಂತೆ ಕೂಗುತ್ತದಲ್ಲ, ಆ ಕೂಗು ಸಾಮಾನ್ಯವಾಗಿ ಕೆಂಪು ಬಾಲದ ಬೇರೊಂದು ಡೇಗೆಯಿಂದ ಸಾಲ ತಂದದ್ದು; ಅದರ ಸ್ವಂತ ದನಿ ಕೀಚಲು, ಮುದ್ರೆಯ ಗಾಂಭೀರ್ಯಕ್ಕೆ ಹೊಂದುವುದಿಲ್ಲ. ಇಂತಹ ರಾಷ್ಟ್ರಲಾಂಛನವನ್ನು ಪೀಸ್‌ಮೇಕರ್ ಸಾಕಿಕೊಂಡು ‘ಈಗ್ಲಿ’ ಎಂದು ಹೆಸರಿಟ್ಟಿದ್ದಾನೆ. ಹದ್ದಿಗೆ ‘ಹದ್ದಣ್ಣ’ ಎಂದಂತೆ. ಅವನ ಬುದ್ಧಿಯ ಅಳತೆ ಅಷ್ಟರಲ್ಲೇ ಸಿಗುತ್ತದೆ. ಮೊದಲ ಸಂಚಿಕೆಯಲ್ಲಿ ಅವನು ಬಹಳ ದಿನಗಳ ನಂತರ ಅಪ್ಪನ ಮನೆಗೆ ಹೋಗುತ್ತಾನೆ. ಅಪ್ಪ ಜನಾಂಗದ್ವೇಷದ ವಿಷ ತುಂಬಿಕೊಂಡ ಮುದುಕ; ಮಗನನ್ನು ಕಂಡು ಒಂದು ಒಳ್ಳೆಯ ಮಾತಿಲ್ಲ. ಆಗ ಹದ್ದು ಬರುತ್ತದೆ. ಎರಡೂ ರೆಕ್ಕೆಗಳನ್ನು ಚಾಚಿ ಅವನನ್ನು ತಬ್ಬಿಕೊಳ್ಳುತ್ತದೆ.

ಹದ್ದುಗಳು ತಬ್ಬಿಕೊಳ್ಳುವುದಿಲ್ಲ. ಅಲ್ಲಿ ಹದ್ದೇ ಇಲ್ಲ, ಇರುವುದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಆ ದೈತ್ಯ ನಟ ಬರಿಯ ಗಾಳಿಯನ್ನೋ ಏನನ್ನೋ ತಬ್ಬಿಕೊಂಡಿದ್ದಾನೆ. ಇಷ್ಟೆಲ್ಲ ಗೊತ್ತಿದ್ದೂ, ಕಣ್ಣು ಮುಚ್ಚಿಕೊಂಡ ಆ ಮುಖವನ್ನು ನೋಡುವಾಗ ನನ್ನ ಗಂಟಲಿಗೆ ಏನೋ ಅಡ್ಡ ಬಂದಿತು. ಒಂದು ನಿಮಿಷದ ಹಿಂದೆ ಅತಿಹಸಿತಕ್ಕೆಂದು ಬಂದ ಕಣ್ಣೀರು ಕೆನ್ನೆಯ ಮೇಲೆ ಇನ್ನೂ ಒಣಗಿರಲಿಲ್ಲ. ಅದರ ಜೊತೆಗೆ ಹೊಸದು ಬೆರೆತದ್ದು ನನಗೂ ಗೊತ್ತಾಗಲಿಲ್ಲ. ಗಂಭೀರ ಸರಣಿಗಳು ಅಳಿಸಲು ಬರುವಾಗ ವಯೊಲಿನ್ ಬಾರಿಸಿಕೊಂಡು ಬರುತ್ತವೆ, ನಾವು ಬಾಗಿಲು ಹಾಕಿಕೊಂಡು ಸಿದ್ಧವಾಗಿರುತ್ತೇವೆ. ಇವನು ಹಿತ್ತಲ ಬಾಗಿಲಿನಿಂದ ಬಂದುಬಿಟ್ಟ. ಬಾಲ್ಯದಲ್ಲಿ ಅಪ್ಪ ಮಕ್ಕಳಿಬ್ಬರನ್ನು ಹೊಡೆದಾಟಕ್ಕೆ ಬಿಟ್ಟದ್ದು, ಇವನ ಹೊಡೆತಕ್ಕೆ ಸೋದರ ಸತ್ತದ್ದು, ಇವೆಲ್ಲ ಮುಂದಿನ ಸಂಚಿಕೆಗಳಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ಈ ಬಡಾಯಿಕೋರ ಯಾಕೆ ಇಷ್ಟು ಗದ್ದಲ ಮಾಡುತ್ತಾನೆಂದು ಹದ್ದಿಗೆ ಗೊತ್ತು, ನಮಗೂ ಅರ್ಧ ಗೊತ್ತಾಗಿರುತ್ತದೆ.

ತಂಡದಲ್ಲಿ ಇಕೊನೊಮೋಸ್ ಎಂಬೊಬ್ಬನಿದ್ದಾನೆ. ದಪ್ಪ ದೇಹ, ಕಂಪ್ಯೂಟರಿನ ಮುಂದೆ ಕೂರುವ ಕೆಲಸ, ಗಡ್ಡಕ್ಕೆ ಬಣ್ಣ. ಆ ಬಣ್ಣವನ್ನು ಎಂಟು ಸಂಚಿಕೆಗಳುದ್ದಕ್ಕೂ ಆಡಿಕೊಳ್ಳುತ್ತಾರೆ. ಸಾಕಪ್ಪಾ ಎನಿಸಿಬಿಡುತ್ತದೆ. ಕೊನೆಯ ಸಂಚಿಕೆಯಲ್ಲಿ ಶತ್ರುಗಳ ನಡುವೆ ಒಬ್ಬನೇ ಸಿಕ್ಕಿಕೊಂಡಾಗ, ಗಡ್ಡಕ್ಕೆ ಬಣ್ಣವೇಕೆಂದು ಅವನೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳುತ್ತಾನೆ. ದೊಡ್ಡ ಕಾರಣವೇನಿಲ್ಲ. ನಾನೂ ಕನ್ನಡಿಯ ಮುಂದೆ ನಿಂತು ಇಂಥದ್ದೇ ಕಾರಣಗಳನ್ನು ನನಗೆ ನಾನೇ ಹೇಳಿಕೊಂಡವನಾದ್ದರಿಂದ ಆ ಹೊತ್ತಿಗೆ ನಗಲು ಬಾಯಿ ಬರಲಿಲ್ಲ. ಇದು ಆ ಬರಹಗಾರನ ಚಾಲಾಕಿತನ: ಹಳಸಿತೆಂದು ನಾವು ಎಸೆದ ಹಾಸ್ಯವನ್ನೇ ಆಯ್ದುಕೊಂಡು ಬಂದು ಕೈಗಿಡುತ್ತಾನೆ.

ಹಾಗೆಂದು ಪ್ರತಿ ಪೋಲಿ ಮಾತಿನ ಒಳಗೂ ಒಂದು ದುಃಖದ ತಿರುಳಿದೆ ಎಂದು ವಾದಿಸಲು ನಾನು ಹೊರಟಿಲ್ಲ. ಮೊದಲ ಸಂಚಿಕೆಯಲ್ಲಿ ಸಮುದ್ರವೀರ ಆಕ್ವಾಮನ್‌ಗೂ ಮೀನುಗಳಿಗೂ ಇರುವ ಸಂಬಂಧದ ಬಗ್ಗೆ ಪೀಸ್‌ಮೇಕರ್ ಒಂದು ಗಾಳಿಸುದ್ದಿ ಹಬ್ಬಿಸುತ್ತಾನೆ. ಇಲ್ಲಿ ಬಿಡಿಸಿ ಬರೆಯುವಂಥದ್ದಲ್ಲ. ಎಂಟನೇ ಸಂಚಿಕೆಯ ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಸ್ವತಃ ಆಕ್ವಾಮನ್ ಬಂದು ಆ ಸುದ್ದಿ ಕೇಳಿ ಕೇಳಿ ತನಗೆ ಸಾಕಾಗಿದೆ ಎನ್ನುತ್ತಾನೆ. ಪಕ್ಕದಲ್ಲಿದ್ದವನು ಅದು ಗಾಳಿಸುದ್ದಿಯಲ್ಲ ಎನ್ನುತ್ತಾನೆ. ಇದರಲ್ಲಿ ಯಾವ ಆಳವೂ ಇಲ್ಲ. ಒಂದು ಕೊಳಕು ಜೋಕಿನ ಬೀಜ ಬಿತ್ತಿ, ಎಂಟು ಸಂಚಿಕೆ ಕಾದು, ಫಸಲು ಕೊಯ್ದಿದ್ದಾರೆ. ಅಷ್ಟು ಶ್ರಮವನ್ನು ಅಷ್ಟು ಅಲ್ಪವಾದ ಕೆಲಸಕ್ಕೆ ಸುರಿಯುವವರ ಮೇಲೆ ನನಗೆ ಗೌರವವಿದೆ.

ಆರಂಭದ ನೃತ್ಯವೂ ಹಾಗೆಯೇ. ನೆಟ್‌ಫ್ಲಿಕ್ಸ್‌ನವರು 2017ರಲ್ಲಿ ಸರಣಿಯ ಆರಂಭವನ್ನು ಹಾರಿಸಿಬಿಡುವ ಬಟನ್ ಕೊಟ್ಟ ಮೇಲೆ ನಾನು ಯಾವ ಸರಣಿಯ ಆರಂಭವನ್ನೂ ಪೂರ್ತಿ ನೋಡಿದವನಲ್ಲ. ಇಲ್ಲಿ ನಾರ್ವೆಯ ವಿಗ್ ವ್ಯಾಮ್ ತಂಡದ ಅಬ್ಬರದ ಹಾಡಿಗೆ ಪಾತ್ರವರ್ಗವೆಲ್ಲ ಸಾಲಾಗಿ ನಿಂತು ಕುಣಿಯುತ್ತದೆ. ನಾಯಕ, ವೈರಿ, ದ್ವೇಷದ ಮುದುಕ, ಪೊಲೀಸರು, ಎಲ್ಲರೂ. ಒಬ್ಬರ ಮುಖದಲ್ಲೂ ನಗುವಿಲ್ಲ. ಆದಾಯ ತೆರಿಗೆಯ ಅರ್ಜಿ ತುಂಬುವಾಗಿನ ಮುಖ ಹೊತ್ತು ಕೈಕಾಲು ಎಸೆಯುತ್ತಾರೆ. ಕೊನೆಗೆ ಹದ್ದು ಬಂದು ಇಳಿಯುತ್ತದೆ. ಮೂರು ಸುತ್ತಿನಲ್ಲಿ ಇಪ್ಪತ್ತನಾಲ್ಕು ಸಲ ಬಂದ ಆ ನೃತ್ಯವನ್ನು ನಾನು ಒಂದು ಸಲವೂ ಹಾರಿಸಿಲ್ಲ. ಅದರ ಎಡಗೈ ಬಲಗೈ ಚಲನೆಗಳು ನನಗೆ ಬರುತ್ತವೆ. ಬಾಗಿಲು ಹಾಕಿಕೊಂಡು ಪರೀಕ್ಷಿಸಿದ್ದೇನೆ.

ಮೂರನೇ ಸುತ್ತು ಶುರು ಮಾಡಿದ್ದು ಒಂದು ಭಾನುವಾರ ಮಧ್ಯಾಹ್ನ, ಮನೆಯವರೆಲ್ಲ ಮಲಗಿದ್ದಾರೆಂಬ ಧೈರ್ಯದಲ್ಲಿ. ಮೊದಲ ಸಂಚಿಕೆ, ಅಪ್ಪನ ಮನೆಯ ದೃಶ್ಯ. ಹದ್ದು ರೆಕ್ಕೆ ಚಾಚಿತು. ಅದೇ ಹೊತ್ತಿಗೆ ನನ್ನ ಅಪ್ಪ ಒಳಗೆ ಬಂದರು, ಬಹುಶಃ ಅದೇ ಚಾರ್ಜರಿಗಾಗಿ. ಅಭ್ಯಾಸಬಲದಿಂದ ನೆಲ ನೋಡುತ್ತಲೇ ಬಂದವರು, ಯಾವ ಅನಾಹುತದ ಸದ್ದೂ ಕೇಳದಿದ್ದುದರಿಂದ ತಲೆಯೆತ್ತಿದರು. ಪರದೆಯ ತುಂಬ ಒಬ್ಬ ಮನುಷ್ಯ, ಅವನನ್ನು ತಬ್ಬಿಕೊಂಡ ಒಂದು ಪಕ್ಷಿ.

‘ಪಕ್ಷಿಗಳ ಬಗ್ಗೆಯೇ?’ ಎಂದರು. ದನಿಯಲ್ಲಿ ಸಂತೋಷವಿತ್ತು. ‘ಇಂಥದ್ದನ್ನು ನೋಡುವುದಾದರೆ ಬೇಡ ಎನ್ನುವವರು ಯಾರು?’

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಚಡ್ಡಿಯ ನೃತ್ಯಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ರಿಮೋಟ್ ಅವರ ತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು.